ಕರುಳು ಬೇನೆ, ಚಪ್ಪೆ, ನೆರಡಿ: ಮೇ ತಿಂಗಳಲ್ಲೇ ಮುಗಿಸಬೇಕಾದ ಕೆಲಸ

ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಕಟಾವು ಮುಗಿದು ಹೊಲಕ್ಕೆ ಕುರಿ ಇಳಿದ ಕೆಲವೇ ದಿನಕ್ಕೆ ಕುರಿಗಾರರ ಬಾಯಲ್ಲಿ ಒಂದೇ ಮಾತು: ರಾತ್ರಿ ಚೆನ್ನಾಗಿದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದೆ. ಅದೂ ಗುಂಪಿನಲ್ಲೇ ಮೈಕೈ ತುಂಬಿಕೊಂಡಿದ್ದ ಮರಿ. ಪಕ್ಕದಲ್ಲಿದ್ದ ಬಡಕಲು ಮರಿಗೆ ಏನೂ ಆಗಿಲ್ಲ. ದೃಷ್ಟಿ ತಗುಲಿತು ಅಂತ ನಿವಾಳಿಸುವವರಿದ್ದಾರೆ. ಯಾರೋ ವಿಷ ಹಾಕಿದರು ಅಂತ ಹೊಲದ ಮಾಲೀಕರ ಮೇಲೆ ಜಗಳಕ್ಕೆ ಹೋಗುವವರೂ ಇದ್ದಾರೆ. ಬಹಳ ಸಲ ಅದು ಕರುಳು ಬೇನೆ. ಪಶು ಆಸ್ಪತ್ರೆಯವರು ಇ.ಟಿ. (ಎಂಟೆರೋಟಾಕ್ಸಿಮಿಯಾ) ಅನ್ನುವುದು ಇದಕ್ಕೇ.

ಕರುಳು ಬೇನೆ, ದನಗಳ ಚಪ್ಪೆ ರೋಗ, ನೆರಡಿ ಅಥವಾ ಆಂಥ್ರಾಕ್ಸ್, ಧನುರ್ವಾಯು, ಈ ನಾಲ್ಕೂ ಒಂದೇ ಬಗೆಯ ರೋಗಾಣುಗಳ ಕೆಲಸ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಣ್ಣ ಹಿಡಿದುಕೊಳ್ಳುವ, ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಇವು. ಕುರಿ ಸಾಕುವವರಿಗೆ ಬಣ್ಣಕ್ಕಿಂತ ಮುಖ್ಯವಾದದ್ದು ಇವುಗಳ ಇನ್ನೊಂದು ಗುಣ. ಪರಿಸ್ಥಿತಿ ಕೆಟ್ಟಾಗ ಇವು ಗಟ್ಟಿ ಕವಚದ ಬೀಜಕಣವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕೂರುತ್ತವೆ. ರಾಯಚೂರಿನ ಬೇಸಿಗೆಯ ಬಿಸಿಲಿಗೂ ಸಾಯುವುದಿಲ್ಲ, ಕುದಿಯುವ ನೀರಿಗೂ ಪೂರ್ತಿ ಸಾಯುವುದಿಲ್ಲ. ಹಾಗಾಗಿ ಇವನ್ನು ಊರಿನಿಂದ ಓಡಿಸುತ್ತೇವೆ ಅನ್ನುವ ಮಾತೇ ಇಲ್ಲ. ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಿ ಪ್ರಾಣಿಯ ಮೈಯನ್ನು ಮೊದಲೇ ಸಜ್ಜು ಮಾಡಿಡುವುದೊಂದೇ ದಾರಿ. ರೋಗ ಕಾಣಿಸಿಕೊಂಡ ಮೇಲೆ ಔಷಧಿಗೆ ಸಿಗುವ ಸಮಯ ಕೆಲವು ಗಂಟೆ ಮಾತ್ರ, ಕರುಳು ಬೇನೆಯಲ್ಲಿ ಅದೂ ಇಲ್ಲ.

ಕರುಳು ಬೇನೆ: ಹೊಟ್ಟೆ ತುಂಬಿದ ಮರಿಯೇ ಏಕೆ?

ಈ ರೋಗದ ಕಾರಣ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್, ಅದರಲ್ಲೂ ಡಿ ಮಾದರಿ. ಇದು ಹೊರಗಿನಿಂದ ಬಂದು ಮೇಲೆ ಬೀಳುವ ರೋಗಾಣು ಅಲ್ಲ. ಆರೋಗ್ಯವಾಗಿರುವ ಕುರಿಯ ಕರುಳಿನಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ, ಕರುಳಿನ ಚಲನೆಯ ಜೊತೆ ಹಿಕ್ಕೆಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಕುರಿ ಒಮ್ಮೆಲೇ ಕಾಳು ಅಥವಾ ಎಳೆ ಹುಲ್ಲು ವಿಪರೀತ ತಿಂದರೆ ದೊಡ್ಡ ಹೊಟ್ಟೆಯಲ್ಲಿ ಪೂರ್ತಿ ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಹಬ್ಬದೂಟ. ಗಂಟೆಗಳಲ್ಲಿ ಲೆಕ್ಕವಿಲ್ಲದಷ್ಟು ಬೆಳೆದು ಎಪ್ಸಿಲಾನ್ ಎಂಬ ವಿಷ ಬಿಡುತ್ತದೆ. ಕುರಿಯ ಸ್ವಂತ ಜೀರ್ಣರಸದಲ್ಲಿರುವ ಟ್ರಿಪ್ಸಿನ್ನೇ ಆ ವಿಷವನ್ನು ಇನ್ನಷ್ಟು ತೀಕ್ಷ್ಣ ಮಾಡುತ್ತದೆ. ವಿಷ ರಕ್ತಕ್ಕೆ ಸೇರಿ ಮಿದುಳು, ಶ್ವಾಸಕೋಶ, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ.

ಹೆಚ್ಚು ತಿನ್ನುವುದು ಗಟ್ಟಿಮುಟ್ಟಾದ ಮರಿ. ಹೆಚ್ಚು ಹಾಲು ಕುಡಿಯುವುದು ಅವಳಿ ಇಲ್ಲದ ಒಂಟಿ ಮರಿ. ಚೆಂದದ ಮರಿ ಮೊದಲು ಸಾಯುವುದು ಇದಕ್ಕೇ, ದೃಷ್ಟಿಯ ಮಾತು ಇಲ್ಲಿ ಬರುವುದಿಲ್ಲ.

ತುಂಗಭದ್ರಾ ಕಾಲುವೆಯ ಬಯಲಿನಲ್ಲಿ ಅಪಾಯ ಎಲ್ಲಿರುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಕಟಾವು ಯಂತ್ರ ಹೊಲದ ಮೂಲೆಯಲ್ಲಿ ತಿರುಗುವಾಗ, ಟ್ರ್ಯಾಕ್ಟರಿಗೆ ಕಾಳು ಸುರಿಯುವಾಗ ಭತ್ತ ಚೆಲ್ಲುತ್ತದೆ. ಹೊಲದ ನಡುವೆ ಬರೀ ಕೂಳೆ, ಬದುವಿನ ಮೂಲೆಯಲ್ಲಿ ಬೊಗಸೆ ಬೊಗಸೆ ಕಾಳು. ಹಸಿದ ಮಂದೆ ಇಂಥ ಮೂಲೆ ಕಂಡರೆ ಅಲ್ಲೇ ನಿಲ್ಲುತ್ತದೆ. ಎರಿ ಹೊಲದಲ್ಲಿ ಜೋಳ, ಕಡಲೆ ರಾಶಿ ಮಾಡಿದ ಕಣ, ಮೆಕ್ಕೆಜೋಳದ ತೆನೆ ಬಿದ್ದ ಹೊಲ, ಬೇಸಿಗೆಯಲ್ಲಿ ಬಳ್ಳಾರಿ ಜಾಲಿಯ ಸಿಹಿ ಕಾಯಿ ಉದುರಿದ ಹಳ್ಳದ ದಂಡೆ, ಇವೂ ಅದೇ ಲೆಕ್ಕ. ಮೊದಲ ಮಳೆ ಬಿದ್ದು ವಾರಕ್ಕೆ ಏಳುವ ಎಳೆ ಹುಲ್ಲು ಇನ್ನೊಂದು ಅಪಾಯ. ಬೇಸಿಗೆಯೆಲ್ಲ ಒಣ ಸೊಪ್ಪೆ ತಿಂದ ಕೆಂಗುರಿ, ಬಳ್ಳಾರಿ ತಳಿಯ ಕುರಿಗಳು ಅದರ ಮೇಲೆ ಮುಗಿಬೀಳುತ್ತವೆ.

ಹೊಸ ಮೇವಿಗೆ ಕುರಿಯ ಹೊಟ್ಟೆ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಮೊದಲ ದಿನ ಒಣ ಮೇವು ತಿನ್ನಿಸಿ, ನೀರು ಕುಡಿಸಿ, ಮಧ್ಯಾಹ್ನದ ಮೇಲೆ ಅರ್ಧ ಗಂಟೆ ಮಾತ್ರ ಕೂಳೆಗೆ ಬಿಡಿ. ದಿನಕ್ಕೆ ಅರ್ಧರ್ಧ ಗಂಟೆ ಹೆಚ್ಚಿಸುತ್ತ ಹೋಗಿ. ಕಾಳು ಚೆಲ್ಲಿದ ಮೂಲೆಗಳಿಗೆ ಮೊದಲು ಮನುಷ್ಯ ಹೋಗಿ ಗುಡಿಸಿ ತರಲಿ, ಆಮೇಲೆ ಕುರಿ ಇಳಿಯಲಿ. ಆ ಕಾಳನ್ನೇ ಮುಂದೆ ದಿನಕ್ಕಿಷ್ಟು ಅಂತ ಅಳತೆಯಲ್ಲಿ ಕೊಡಬಹುದು. ಹಬ್ಬಕ್ಕೆ ಮಾರಲು ಟಗರು ಕೊಬ್ಬಿಸುವವರು ಕಾಳಿನ ಪ್ರಮಾಣ ಏರಿಸುವಾಗಲೂ ಎರಡು ವಾರದ ಈ ಲೆಕ್ಕ ಮರೆಯಬಾರದು.

ರೋಗ ಬಂದ ಮರಿಯನ್ನು ಬದುಕಿದ್ದಾಗ ನೋಡಲು ಸಿಕ್ಕರೆ ಅದು ತಲೆಯನ್ನು ಬೆನ್ನಿನ ಕಡೆ ಹಿಂದಕ್ಕೆ ಎಳೆದುಕೊಂಡಿರುತ್ತದೆ, ಮಲಗಿದಲ್ಲೇ ಕಾಲು ಬಡಿಯುತ್ತದೆ, ಹಲ್ಲು ಕಡಿಯುತ್ತದೆ, ಬಾಯಲ್ಲಿ ನೊರೆ. ಎಷ್ಟೋ ಮರಿಗಳಲ್ಲಿ ಇಷ್ಟೂ ಕಾಣುವುದಿಲ್ಲ, ಸಾವೇ ಮೊದಲ ಲಕ್ಷಣ. ದೊಡ್ಡ ಕುರಿ ಒಂದೆರಡು ದಿನ ಎಳೆಯಬಹುದು. ಆಡಿನಲ್ಲಿ ಭೇದಿ ಹೆಚ್ಚು.

ಇದು ಕರುಳು ಬೇನೆಯೇ ಹೌದಾ?

ಹಠಾತ್ ಸಾವಿಗೆಲ್ಲ ಇ.ಟಿ. ಅಂತ ಹಣೆಪಟ್ಟಿ ಹಚ್ಚುವುದು ಇತ್ತೀಚೆಗೆ ಜಾಸ್ತಿಯಾಗಿದೆ, ಅದೂ ತಪ್ಪು. ನೀರು ಸಾಲದೆ ಬಾಡಿದ ಜೋಳ ಅಥವಾ ಕೊಯ್ದ ಜೋಳದ ಕೂಳೆಯ ಚಿಗುರು ಮೇದ ಅರ್ಧ-ಒಂದು ಗಂಟೆಯಲ್ಲಿ ದೊಡ್ಡದು ಚಿಕ್ಕದು ಎನ್ನದೆ ಹಲವು ಕುರಿ ಒಟ್ಟಿಗೆ ಬಿದ್ದರೆ ಅದು ಸಯನೈಡ್ ವಿಷ. ರಕ್ತ ಕಡುಗೆಂಪಾಗಿ ಹೊಳೆಯುತ್ತದೆ. ಅದಕ್ಕೆ ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಟ್ಟರೆ ಬದುಕುತ್ತವೆ, ಆದರೆ ತಕ್ಷಣ ಕೊಡಬೇಕು. ಕಾಳು ತಿಂದು ಸುಮಾರು ಒಂದು ದಿನದ ಮೇಲೆ ಹೊಟ್ಟೆ ಉಬ್ಬಿ, ಅಲುಗಿಸಿದರೆ ಒಳಗೆ ನೀರು ತುಳುಕಿದಂತಾಗಿ, ಹುಳಿ ವಾಸನೆಯ ಭೇದಿ ಹತ್ತಿ, ನಡಿಗೆ ತೂರಾಡಿದರೆ ಅದು ಹೊಟ್ಟೆಯ ಆಮ್ಲತೆ. ದೊಡ್ಡ ಕುರಿಗೆ 20 ಗ್ರಾಂ ಅಡುಗೆ ಸೋಡಾವನ್ನು ಅರ್ಧ ಲೀಟರ್ ನೀರಿನಲ್ಲಿ ಕದಡಿ ನಿಧಾನಕ್ಕೆ ಕುಡಿಸಿ ಡಾಕ್ಟರನ್ನು ಕರೆಸಿ. ಮೂಗು, ಗುದದಿಂದ ಕಪ್ಪು ರಕ್ತ ಬಂದಿದ್ದರೆ ಕೈ ಹಚ್ಚಬೇಡಿ. ಅದು ನೆರಡಿ ಇರಬಹುದು, ಅದರ ಮಾತು ಮುಂದೆ ಬರುತ್ತದೆ.

ನೆರಡಿ ಅಲ್ಲವೆಂದು ಖಚಿತವಾದ ಮೇಲೆ ಪಶುವೈದ್ಯರು ಹೆಣ ಕೊಯ್ದು ನೋಡುತ್ತಾರೆ. ಹೃದಯದ ಚೀಲದಲ್ಲಿ ಒಣಹುಲ್ಲಿನ ಬಣ್ಣದ ನೀರು ಇರುತ್ತದೆ, ಹೊರಗೆ ತೆಗೆದು ಇಟ್ಟರೆ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ ಮುಟ್ಟಿದರೆ ಮೆತ್ತಗೆ ಕರಗಿದಂತೆ. ಇಲ್ಲೊಂದು ಎಚ್ಚರ: ನಮ್ಮ ಬಿಸಿಲಿನಲ್ಲಿ ಸತ್ತು ಐದಾರು ಗಂಟೆಯಾದ ಯಾವ ಕುರಿಯ ಮೂತ್ರಪಿಂಡವೂ ಮೆತ್ತಗಾಗುತ್ತದೆ. ಮಧ್ಯಾಹ್ನ ಕೊಯ್ದು ನೋಡಿ ಇ.ಟಿ. ಅಂದರೆ ನಂಬುವುದು ಕಷ್ಟ. ಅದಕ್ಕಿಂತ ಮೂತ್ರಕೋಶದ ಮೂತ್ರ ನೋಡುವುದು ಮೇಲು. ಸಕ್ಕರೆ ಕಾಯಿಲೆಯವರು ಮೂತ್ರ ನೋಡಲು ಬಳಸುವ ಪಟ್ಟಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಅದ್ದಿದಾಗ ಸಕ್ಕರೆ ತೋರಿಸಿದರೆ ಕರುಳು ಬೇನೆಯ ಅನುಮಾನ ಬಲವಾಗುತ್ತದೆ. ತೋರಿಸದಿದ್ದ ಮಾತ್ರಕ್ಕೆ ಅಲ್ಲ ಎನ್ನಲಾಗದು. ವಿಷ ಇದೆಯೇ ಎಂದು ತಿಳಿಯಲು ಸಣ್ಣ ಕರುಳಿನೊಳಗಿನ ದ್ರವ ಬೇಕು. 10 ಮಿ.ಲೀ. ದ್ರವಕ್ಕೆ ಒಂದು ಹನಿ ಕ್ಲೋರೋಫಾರ್ಮ್ ಹಾಕಿ, ಐಸ್‌ನಲ್ಲಿಟ್ಟು, ಪಶು ಆಸ್ಪತ್ರೆಯ ಮೂಲಕ ಲ್ಯಾಬಿಗೆ ಕಳಿಸಬೇಕು. ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಹೋದ ಮಾದರಿಯಿಂದ ಏನೂ ತಿಳಿಯುವುದಿಲ್ಲ.

ಮಂದೆಯಲ್ಲಿ ಸಾವು ಶುರುವಾದರೆ ಮಾಡಬೇಕಾದ ಮೊದಲ ಕೆಲಸ ಇಂಜೆಕ್ಷನ್ ಅಲ್ಲ. ಆ ಹೊಲದಿಂದ ಕುರಿಗಳನ್ನು ಆ ಕ್ಷಣವೇ ಹೊರಗೆ ಹೊಡೆಯಿರಿ. ಎರಡು ದಿನ ಬರೀ ಒಣ ಸೊಪ್ಪೆ, ನೀರು, ಒಂದು ಕಾಳೂ ಬೇಡ. ಎಷ್ಟೋ ಮಂದೆಗಳಲ್ಲಿ ಇಷ್ಟಕ್ಕೇ ಸಾವು ನಿಲ್ಲುತ್ತದೆ. ಜೊತೆಗೇ ಉಳಿದವಕ್ಕೆಲ್ಲ ಲಸಿಕೆ ಹಾಕಿಸಿ. ಆದರೆ ಲಸಿಕೆ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು, ನಡುವಿನ ಆ ದಿನಗಳನ್ನು ದಾಟಿಸುವುದು ಮೇವಿನ ಹಿಡಿತವೇ.

ಲಸಿಕೆ: ಕೆಡುವುದು ಎಲ್ಲೆಲ್ಲಿ

ಇ.ಟಿ. ಲಸಿಕೆ ಸತ್ತ ಲಸಿಕೆ, ಅಂದರೆ ಇದರಲ್ಲಿ ಜೀವಂತ ರೋಗಾಣು ಇರುವುದಿಲ್ಲ. ಹಿಂದೆಂದೂ ಹಾಕಿಸದ ಕುರಿಗೆ ಒಂದು ಡೋಸ್ ಸಾಲದು. ಮೊದಲನೆಯದು ಮೈಗೆ ಪರಿಚಯ ಮಾಡಿಸುತ್ತದೆ, ಎರಡು ವಾರ ಬಿಟ್ಟು ಕೊಡುವ ಎರಡನೆಯದು ರಕ್ಷಣೆ ಕೊಡುತ್ತದೆ. ಆಮೇಲೆ ವರ್ಷಕ್ಕೊಮ್ಮೆ. ಅಂದರೆ ಮುಂಗಾರು ಜೂನ್‌ನಲ್ಲಿ ಅಂತಿಟ್ಟುಕೊಂಡರೆ ಮೊದಲ ಡೋಸ್ ಮೇ ಮೊದಲ ವಾರದಲ್ಲೇ ಆಗಬೇಕು. ನನ್ನ ಪ್ರಕಾರ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಇ.ಟಿ. ಲಸಿಕೆ ಸೋಲುವುದಕ್ಕೆ ದೊಡ್ಡ ಕಾರಣ ತಪ್ಪಿದ ಎರಡನೇ ಡೋಸ್. ಮೊದಲನೆಯದನ್ನು ಊರಲ್ಲಿ ಹಾಕಿಸಿರುತ್ತಾರೆ, ಎರಡನೆಯದರ ಹೊತ್ತಿಗೆ ಮಂದೆ ಐವತ್ತು ಮೈಲಿ ಆಚೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ನಿಂತಿರುತ್ತದೆ. ತಾರೀಖು, ಲಸಿಕೆಯ ಹೆಸರು, ಬಾಟಲಿಯ ಬ್ಯಾಚ್ ನಂಬರ್ ಬರೆದ ಒಂದು ಚೀಟಿ ಕುರಿಗಾರನ ಜೇಬಿನಲ್ಲಿದ್ದರೆ ದಾರಿಯಲ್ಲಿ ಸಿಗುವ ಯಾವ ಪಶು ಆಸ್ಪತ್ರೆಯಲ್ಲಾದರೂ ಎರಡನೆಯದನ್ನು ಕೇಳಿ ಹಾಕಿಸಬಹುದು.

ಡೋಸ್ ಸಾಮಾನ್ಯವಾಗಿ ಕುರಿಗೆ 2.5 ಮಿ.ಲೀ., ಕೆಲವು ಕಂಪನಿಗಳದ್ದು 2 ಮಿ.ಲೀ. ಬಾಟಲಿಯ ಮೇಲೆ ಬರೆದದ್ದೇ ಕೊನೆಯ ಮಾತು. 2.5 ಅಂದರೆ 100 ಮಿ.ಲೀ. ಬಾಟಲಿ 40 ಕುರಿಗೆ. ನೂರು ಕುರಿಗೆ ಎರಡೇ ಬಾಟಲಿಯಲ್ಲಿ ಮುಗಿಸಿದೆವು ಅಂದರೆ ಯಾವ ಕುರಿಗೂ ಪೂರ್ತಿ ಡೋಸ್ ಸಿಕ್ಕಿಲ್ಲ. ಗಬ್ಬದ ಕುರಿಗೆ ಈಯಲು ಮೂರು-ನಾಲ್ಕು ವಾರ ಇರುವಾಗ ಒಂದು ಡೋಸ್ ಕೊಟ್ಟರೆ ಗಿಣ್ಣದ ಹಾಲಿನ ಮೂಲಕ ಮರಿಗೆ ಮೊದಲ ಎರಡು-ಮೂರು ತಿಂಗಳ ರಕ್ಷಣೆ ಸಿಗುತ್ತದೆ. ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲೇ ಮರಿ ಗಿಣ್ಣ ಕುಡಿದಿರಬೇಕು. ಆ ಮರಿಗೆ ಅದರದೇ ಲಸಿಕೆ ಮೂರು-ನಾಲ್ಕು ತಿಂಗಳಿಗೆ.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಿಸಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿದರೂ ಕೆಡುತ್ತದೆ ಅನ್ನುವುದು ಹಲವರಿಗೆ ಗೊತ್ತಿಲ್ಲ. ಇದರಲ್ಲಿರುವ ಪಟಿಕದಂಥ ಅಂಶ ಹೆಪ್ಪುಗಟ್ಟಿ ಕರಗಿದರೆ ಗಟ್ಟಿಯಾಗಿ ತಳ ಹಿಡಿಯುತ್ತದೆ, ಅಲುಗಿಸಿದರೂ ಸರಿಯಾಗಿ ಬೆರೆಯುವುದಿಲ್ಲ. ಅಂಥ ಬಾಟಲಿ ಎಸೆಯಬೇಕು. ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ ಇಡಬಾರದು. ಥರ್ಮಾಸ್ ಡಬ್ಬಿಯಲ್ಲಿ ಒಯ್ಯುವಾಗ ಬಾಟಲಿಗೆ ಪೇಪರ್ ಸುತ್ತಿ ಐಸ್ ತಾಗದಂತೆ ಇಡಿ. ಪ್ರತಿ ಸಲ ಸಿರಿಂಜಿಗೆ ಎಳೆಯುವ ಮುಂಚೆ ಬಾಟಲಿ ಚೆನ್ನಾಗಿ ಅಲುಗಿಸಿ. ಇಲ್ಲದಿದ್ದರೆ ಮೊದಲ ಹತ್ತು ಕುರಿಗೆ ತಿಳಿನೀರು, ಕೊನೆಯ ಹತ್ತಕ್ಕೆ ತಳದ ಗಸಿ. ಚುಚ್ಚಿದ ಬಾಟಲಿ ಅದೇ ದಿನ ಮುಗಿಯಬೇಕು.

ಬೆಳಿಗ್ಗೆ ಬಿಸಿಲೇರುವ ಮುಂಚೆ ಹಾಕಿ. ಕುತ್ತಿಗೆಯ ಪಕ್ಕ ಅಥವಾ ಮುಂಗಾಲಿನ ಹಿಂದೆ ಸಡಿಲ ಚರ್ಮ ಎತ್ತಿ, ಚರ್ಮದ ಕೆಳಗೆ. ತೊಡೆಯ ಮಾಂಸಕ್ಕೆ ಹಾಕಬೇಡಿ, ಕುಂಟುತ್ತವೆ, ಮಾಂಸದ ಬೆಲೆಯೂ ಹೋಗುತ್ತದೆ. ಹತ್ತಿಪ್ಪತ್ತು ಕುರಿಗೊಮ್ಮೆಯಾದರೂ ಸೂಜಿ ಬದಲಿಸಿ. ಕಬ್ಬಿಣದ ಸೂಜಿ, ಗಾಜಿನ ಸಿರಿಂಜ್ ಬಳಸುವವರು ಪಾತ್ರೆಯಲ್ಲಿ ಕುದಿಸಿದರೆ ಬೀಜಕಣ ಸಾಯುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿ, ವಿಷಲ್ ಹೊಡೆಯಲು ಶುರುವಾದ ಮೇಲೆ 20 ನಿಮಿಷ ಇಡಿ. ಹಾಕಿದ ಜಾಗದಲ್ಲಿ ಕೆಲವು ದಿನ ಸಣ್ಣ ಗಂಟು ಕಂಡರೆ ಗಾಬರಿ ಬೇಡ.

ಚಪ್ಪೆ

ಆರು ತಿಂಗಳಿಂದ ಎರಡು ವರ್ಷದ ದಷ್ಟಪುಷ್ಟ ಕರು, ಹೋರಿ, ಮಣಕಗಳ ರೋಗ ಇದು. ಕ್ಲಾಸ್ಟ್ರಿಡಿಯಂ ಷೋವಿಯೈನ ಬೀಜಕಣ ಮಣ್ಣು, ಮೇವಿನ ಜೊತೆ ಹೊಟ್ಟೆಗೆ ಹೋಗಿ, ಅಲ್ಲಿಂದ ರಕ್ತದ ಮೂಲಕ ತೊಡೆ, ಭುಜದ ಮಾಂಸಖಂಡದಲ್ಲಿ ಸುಮ್ಮನೆ ಮಲಗಿರುತ್ತದೆ. ಹಾಯುವಾಗಲೋ ಬಿದ್ದಾಗಲೋ ಅಲ್ಲಿ ಪೆಟ್ಟಾಗಿ, ಆ ಜಾಗಕ್ಕೆ ಆಮ್ಲಜನಕ ಕಡಿಮೆಯಾದಾಗ ಏಳುತ್ತದೆ. ಮಳೆ ಶುರುವಾದ ಮೇಲೆ, ಅಥವಾ ಕೆರೆ ಹೂಳೆತ್ತಿ, ಜಮೀನು ಮಟ್ಟ ಮಾಡಿ ಹಳೆಯ ಮಣ್ಣು ಮೇಲೆ ಬಂದ ಕಡೆ ಹೆಚ್ಚು ಕಾಣುತ್ತದೆ. ಕುರಿಗೆ ಇದು ಸಾಮಾನ್ಯವಾಗಿ ಗಾಯದ ಮೂಲಕ ಬರುತ್ತದೆ: ಉಣ್ಣೆ ಕತ್ತರಿಸಿದ ಗಾಯ, ಟಗರಿನ ಬೀಜ ಒಡೆದ ಗಾಯ, ಕಷ್ಟದ ಹೆರಿಗೆ.

ಇದ್ದಕ್ಕಿದ್ದಂತೆ ಕುಂಟು, 105-106 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ತೊಡೆಯಲ್ಲಿ ಬಾವು. ಮೊದಲು ಬಾವು ಬಿಸಿ, ಮುಟ್ಟಿದರೆ ಒದೆಯುತ್ತದೆ. ಕೆಲವು ಗಂಟೆ ಕಳೆದ ಮೇಲೆ ತಣ್ಣಗಾಗಿ ನೋವೇ ಇರುವುದಿಲ್ಲ, ಚರ್ಮ ಒಣಗಿ ಬಿಗಿಯುತ್ತದೆ. ಅಂಗೈಯಿಂದ ಒತ್ತಿದರೆ ಒಳಗೆ ಗಾಳಿ ಚರಚರ ಅನ್ನುತ್ತದೆ. ಬಾವು ತಣ್ಣಗಾಯಿತು, ಗುಣವಾಗುತ್ತಿದೆ ಅಂದುಕೊಂಡು ಕಾದವರೇ ಹೆಚ್ಚು ದನ ಕಳೆದುಕೊಳ್ಳುವುದು. ಅಷ್ಟು ಹೊತ್ತಿಗೆ ಅಲ್ಲಿನ ಮಾಂಸ ಸತ್ತಿರುತ್ತದೆ. 12ರಿಂದ 48 ಗಂಟೆಯಲ್ಲಿ ದನವೂ ಸಾಯುತ್ತದೆ.

ಪೆನಿಸಿಲಿನ್ ಇದಕ್ಕೆ ಒಳ್ಳೆಯ ಔಷಧಿ, ಆದರೆ ಕುಂಟು ಕಂಡ ಮೊದಲ ಗಂಟೆಗಳಲ್ಲಿ ಮತ್ತು ದೊಡ್ಡ ಪ್ರಮಾಣದಲ್ಲಿ. ಪುಸ್ತಕದ ಲೆಕ್ಕ ಕೆ.ಜಿ. ತೂಕಕ್ಕೆ 44,000 ಯೂನಿಟ್. 200 ಕೆ.ಜಿ. ಹೋರಿಗೆ ಅದು 88 ಲಕ್ಷ ಆಗುತ್ತದೆ. ಅಂಗಡಿಯಿಂದ 40 ಲಕ್ಷದ ಒಂದೇ ಬಾಟಲಿ ತಂದು ಚುಚ್ಚಿಸಿ, ಔಷಧಿ ಹತ್ತಲಿಲ್ಲ ಅಂದರೆ ತಪ್ಪು ಔಷಧಿಯದಲ್ಲ. ಮೊದಲ ಡೋಸ್ ರಕ್ತನಾಳಕ್ಕೆ ಹೋಗುವ ಬಗೆಯದ್ದಾಗಬೇಕು, ಅದನ್ನು ಪಶುವೈದ್ಯರೇ ಕೊಡಬೇಕು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು. ಬಾವನ್ನು ಬರೆ ಎಳೆಯುವುದು, ಕೊಯ್ದು ಗಾಳಿ ಬಿಡುವುದು ಬೇಡ, ಹೊರಬರುವ ರಸದಿಂದ ಕೊಟ್ಟಿಗೆಯ ಮಣ್ಣೆಲ್ಲ ಬೀಜಕಣ.

ಲಸಿಕೆ ಮುಂಗಾರಿಗೆ ಮುಂಚೆ, ಆರು ತಿಂಗಳು ತುಂಬಿದ ಕರುವಿನಿಂದ ಶುರು. ಬರೀ ಚಪ್ಪೆ ಲಸಿಕೆ ದನಕ್ಕೆ 5 ಮಿ.ಲೀ., ಗಳಲೆ ರೋಗದ (ಗಂಟಲು ಬೇನೆ) ಲಸಿಕೆಯ ಜೊತೆ ಸೇರಿದ ಜೋಡಿ ಲಸಿಕೆ 3 ಮಿ.ಲೀ. ಬರುತ್ತದೆ. ಇಲ್ಲೂ ಬಾಟಲಿಯ ಚೀಟಿ ಓದಿ.

ನೆರಡಿ: ಕೊಯ್ಯಬೇಡಿ

ಇದರ ಕಾರಣ ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಬ್ಯಾಕ್ಟೀರಿಯಾ. ಇದೇ ರೋಗಾಣು ಇದೇ ರೋಗಕ್ಕೆ ಕಾರಣ ಅಂತ ರಾಬರ್ಟ್ ಕಾಕ್ 1876ರಲ್ಲಿ ತೋರಿಸಿದ. ಈ ಪಟ್ಟಿಯಲ್ಲಿ ಸತ್ತ ಪ್ರಾಣಿಯಿಂದ ಮನುಷ್ಯರಿಗೂ ತಗಲಿ ಕೊಲ್ಲಬಲ್ಲದ್ದು ಇದು, ಅದಕ್ಕೇ ಇಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಹಠಾತ್ತಾಗಿ ಸತ್ತ ದನ ಅಥವಾ ಕುರಿ, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ, ಬೇಗ ಉಬ್ಬಿದ ಹೊಟ್ಟೆ, ಸತ್ತು ಗಂಟೆಗಳಾದರೂ ಪೂರ್ತಿ ಸೆಟೆಯದ ಮೈ. ಇಷ್ಟು ಕಂಡರೆ ಚಾಕು ಒಳಗಿಡಿ. ಕಾರಣ ಸರಳ: ಈ ರೋಗಾಣು ಬೀಜಕಣವಾಗಲು ಗಾಳಿ ಬೇಕು. ಹೆಣ ಕೊಯ್ಯದೆ ಹಾಗೇ ಇದ್ದರೆ ಒಳಗಿನ ಕೊಳೆತ ಅದನ್ನು ಮೂರ್ನಾಲ್ಕು ದಿನದಲ್ಲಿ ಕೊಲ್ಲುತ್ತದೆ. ಕೊಯ್ದರೆ, ಚರ್ಮ ಸುಲಿದರೆ, ನಾಯಿ ಹದ್ದುಗಳಿಗೆ ಬಿಟ್ಟರೆ ರಕ್ತ ಬಿದ್ದ ಜಾಗ ದಶಕಗಟ್ಟಲೆ ಅಪಾಯದ್ದಾಗುತ್ತದೆ. ಸತ್ತದ್ದನ್ನು ಕೊಯ್ದು ಮಾಂಸ ಹಂಚಿಕೊಳ್ಳುವುದರಿಂದ ಮನುಷ್ಯರಿಗೂ ಬರುತ್ತದೆ. ಬೇಯಿಸಿದರೆ ಆಯಿತು ಅನ್ನುವ ಧೈರ್ಯ ಬೇಡ, ಕೊಯ್ಯುವ ಕೈಗೇ ಮೊದಲು ತಗಲುತ್ತದೆ.

ರೋಗ ಪತ್ತೆಗೆ ಪಶುವೈದ್ಯರಿಗೆ ಕಿವಿಯ ತುದಿಯ ಒಂದು ಹನಿ ರಕ್ತ ಸಾಕು. ಗಾಜಿನ ಮೇಲೆ ತೆಳುವಾಗಿ ಎಳೆದು ಒಣಗಿಸಿ, ಮೆಥಿಲೀನ್ ಬ್ಲೂ ಬಣ್ಣ ಹಾಕಿದರೆ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಹೊದಿಕೆ ಕಾಣುತ್ತದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ನೆರಡಿಯ ಅನುಮಾನ ಬಂದರೂ ತಿಳಿಸಲೇಬೇಕು.

ಹೆಣ ಎಳೆದುಕೊಂಡು ಹೋಗಬೇಡಿ, ದಾರಿಯುದ್ದ ರಕ್ತ ಬೀಳುತ್ತದೆ. ಗ್ಲೌಸ್ ಹಾಕಿಕೊಂಡು ಮೂಗು, ಬಾಯಿ, ಗುದಕ್ಕೆ ಶೇ. 10ರ ಫಾರ್ಮಲಿನ್‌ನಲ್ಲಿ ಅದ್ದಿದ ಬಟ್ಟೆ ತುರುಕಿ, ತಲೆಗೆ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿ. ಸತ್ತಲ್ಲೇ ಪೂರ್ತಿ ಬೂದಿಯಾಗುವಂತೆ ಸುಡುವುದು ಎಲ್ಲಕ್ಕಿಂತ ಒಳ್ಳೆಯದು, ನಮ್ಮಲ್ಲಿ ಬಳ್ಳಾರಿ ಜಾಲಿ ಕಟ್ಟಿಗೆಗೆ ಬರವಿಲ್ಲ. ಆಗದಿದ್ದರೆ ಹೆಣದ ಮೇಲೆ ಆರು ಅಡಿ ಮಣ್ಣು ಬೀಳುವಷ್ಟು ಆಳದ ಗುಂಡಿ, ರಕ್ತ ತಾಗಿದ ಮಣ್ಣು, ಮೇವು ಸಮೇತ. ಹಳ್ಳ, ಕಾಲುವೆ, ಕೆರೆ ಅಂಗಳ ಬೇಡ, ನೀರು ಬಂದು ಮೇಲೆತ್ತುತ್ತದೆ. ಸುಣ್ಣ ಸುರಿಯುವ ರೂಢಿ ಇದೆ. ಕ್ಯಾಲ್ಸಿಯಂ ಈ ಬೀಜಕಣಗಳು ಉಳಿಯಲು ನೆರವಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಹೇಳುವುದರಿಂದ ನೆರಡಿಗೆ ಸುಣ್ಣದ ಮೇಲೆ ಭರವಸೆ ಇಡಬೇಡಿ, ಫಾರ್ಮಲಿನ್ ಬಳಸಿ.

ನೆರಡಿ ಲಸಿಕೆ ಜೀವಂತ ಬೀಜಕಣದ್ದು, ಹಿಂದೆ ರೋಗ ಬಂದ ಊರುಗಳಲ್ಲಿ ಮಾತ್ರ ವರ್ಷಕ್ಕೊಮ್ಮೆ ಹಾಕುತ್ತಾರೆ. ಅದರ ಹಿಂದೆ ಮುಂದೆ ಒಂದು ವಾರ ಆ್ಯಂಟಿಬಯಾಟಿಕ್ ಕೊಟ್ಟರೆ ಲಸಿಕೆ ಸತ್ತೇಹೋಗುತ್ತದೆ. ಸತ್ತ ಪ್ರಾಣಿ ಮುಟ್ಟಿದವರ ಕೈ, ಮುಖ, ಕುತ್ತಿಗೆಯಲ್ಲಿ ನೋವಿಲ್ಲದ ಗುಳ್ಳೆ ಎದ್ದು ನಡುವೆ ಕಪ್ಪು ಕಲೆಯಾದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಸತ್ತ ದನದ ವಿಷಯ ಬಾಯಿಬಿಟ್ಟು ಹೇಳಿ. ಬೇಗ ಹೋದರೆ ಪೂರ್ತಿ ಗುಣವಾಗುತ್ತದೆ.

ಗಾಯದಿಂದ ಬರುವ ಎರಡು

ಧನುರ್ವಾಯುವಿಗೆ ಆಳವಾದ, ಮುಚ್ಚಿಕೊಂಡ ಗಾಯ ಬೇಕು. ಬೀಜ ಒಡೆಯಲು ರಬ್ಬರ್ ಉಂಗುರ ಹಾಕಿದಾಗ ಅದರ ಕೆಳಗೆ ಸತ್ತ ಮಾಂಸ ಉಳಿದು ಅಪಾಯ ಹೆಚ್ಚು. ಚರ್ಮ ಹರಿಯದ ಬರ್ಡಿಝೋ ಇಕ್ಕಳ ಅದಕ್ಕಿಂತ ಮೇಲು. ಗಾಯಕ್ಕೆ ಸಗಣಿ, ಮಣ್ಣು ಮೆತ್ತುವುದನ್ನು ಬಿಡಲೇಬೇಕು, ಧನುರ್ವಾಯುವಿನ ಬೀಜಕಣ ಇರುವುದೇ ಅಲ್ಲಿ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ತೊಳೆದು ಅಯೋಡಿನ್ ಹಚ್ಚಿ.

ದವಡೆಯ ಕೆಳಗೆ, ಭುಜದ ಮುಂದೆ ನಿಂಬೆ ಗಾತ್ರದ ಗಟ್ಟಿ ಗಂಟು, ಒಡೆದರೆ ಹಸಿರು ಬಣ್ಣದ ಗಟ್ಟಿ ಕೀವು ಬಂದರೆ ಅದು ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಕೆಲಸ. ಇದೂ ಅದೇ ನೇರಳೆ ಕಡ್ಡಿಗಳ ಗುಂಪಿನದು, ಆದರೆ ಬೀಜಕಣವಾಗುವುದಿಲ್ಲ, ಕೊಲ್ಲುವುದು ಅಪರೂಪ. ಕುರಿ ಸೊರಗುತ್ತ ಹೋಗುತ್ತದೆ. ಕೀವು ಬಿದ್ದ ನೆಲದಲ್ಲಿ ತಿಂಗಳುಗಟ್ಟಲೆ ಉಳಿದು, ಉಣ್ಣೆ ಕತ್ತರಿಯ ಗೀರುಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಗಂಟನ್ನು ದಡ್ಡಿಯೊಳಗೆ ಒಡೆಯಬೇಡಿ. ಆ ಕುರಿಯನ್ನು ಬೇರೆ ಕಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಸಿ, ಗ್ಲೌಸ್ ತೊಟ್ಟು ಕೊಯ್ದು, ಕೀವು, ಹತ್ತಿ, ಪ್ಲಾಸ್ಟಿಕ್ ಎಲ್ಲ ಸುಟ್ಟುಬಿಡಿ. ಉಣ್ಣೆ ಕತ್ತರಿಸುವಾಗ ಎಳೆ ಕುರಿ ಮೊದಲು, ಮುದಿ ಕುರಿ ಆಮೇಲೆ, ಗಂಟಿನ ಕುರಿ ಕಟ್ಟಕಡೆಗೆ. ಒಂದೊಂದು ಕುರಿಗೂ ಕತ್ತರಿ ಅಯೋಡಿನ್ ನೀರಿನಲ್ಲಿ ಅದ್ದಿ ಮುಂದಿನದಕ್ಕೆ ಕೈ ಹಾಕಿ.